ಸಂಖ್ಯೆಯಿಂದ ಸ್ವರಕ್ಕೆ: ಏಣಿ ಡ್ಯಾಕ್ ಮತ್ತು ಡೆಲ್ಟಾ-ಸಿಗ್ಮಾ ಡ್ಯಾಕ್

ಸಿ.ಡಿ., ಕಂಪ್ಯೂಟರ್ ಅಥವಾ ಮೊಬೈಲ್ ಫೋನಿನಲ್ಲಿ ಸಂಗೀತವು ಕೇವಲ ಸಂಖ್ಯೆಗಳ ಸಾಲಾಗಿ ಅಡಗಿರುತ್ತದೆ. ಆ ಸಂಖ್ಯೆಗಳನ್ನು ಏರಿಳಿಯುವ ವೋಲ್ಟೇಜ್ ಆಗಿ ಮಾರ್ಪಡಿಸಿ ಆಂಪ್ಲಿಫೈಯರ್‌ಗೆ ಒಪ್ಪಿಸುವ ಸಾಧನವೇ ಡಿಜಿಟಲ್-ಅನಲಾಗ್ ಪರಿವರ್ತಕ, ರೂಢಿಯಲ್ಲಿ ‘ಡ್ಯಾಕ್’. ಫೋನಿಗೆ ಸಿಕ್ಕಿಸುವ ಬೆರಳುದ್ದದ ಯು.ಎಸ್.ಬಿ. ಅಡಾಪ್ಟರ್‌ನಲ್ಲಿಯೂ ಲಕ್ಷಗಟ್ಟಲೆ ಬೆಲೆಯ ಲೋಹದ ಪೆಟ್ಟಿಗೆಯಲ್ಲಿಯೂ ಅದರ ಕೆಲಸ ಒಂದೇ. ಆದರೆ ಆ ಕೆಲಸವನ್ನು ಮಾಡುವ ಬಗೆಯಲ್ಲಿ ಎರಡು ಪಂಥಗಳಿವೆ. ಒಂದು ರೋಧಕಗಳ ಏಣಿ, ಇನ್ನೊಂದು ಡೆಲ್ಟಾ-ಸಿಗ್ಮಾ. ಏಣಿಯ ನಾದ ಸಹಜ, ಡೆಲ್ಟಾ-ಸಿಗ್ಮಾದ ನಾದ ಶುಷ್ಕ ಎಂಬ ಮಾತು ಮಾರುಕಟ್ಟೆಯಲ್ಲಿ ಪ್ರಚಲಿತವಾಗಿದೆ. ಆ ಮಾತಿಗೆ ಬೆಲೆ ತೆರುವವನು ಗ್ರಾಹಕನಾದ್ದರಿಂದ ಅದರ ಹುರುಳನ್ನು ಪರಿಶೀಲಿಸುವುದು ಅಗತ್ಯ.

ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಕೂಡಿ ರೂಪಿಸಿ 1982ರಲ್ಲಿ ಮಾರುಕಟ್ಟೆಗೆ ತಂದ ಸಿ.ಡಿ.ಯಲ್ಲಿ ಪ್ರತಿ ಚಾನೆಲ್‌ಗೆ ಸೆಕೆಂಡಿಗೆ 44,100 ಮಾದರಿಗಳಿರುತ್ತವೆ. ಪ್ರತಿ ಮಾದರಿ 16 ಬಿಟ್‌ನದು, ಅಂದರೆ 65,536 ಮಟ್ಟಗಳಲ್ಲಿ ಒಂದು.

ತಕ್ಕಡಿಯ ಬಟ್ಟುಗಳಂತೆ

ಏಣಿ ವಿನ್ಯಾಸವನ್ನು ದಿನಸಿ ಅಂಗಡಿಯ ತೂಕದ ಬಟ್ಟುಗಳಿಗೆ ಹೋಲಿಸಬಹುದು. ಪ್ರತಿ ಬಟ್ಟೂ ಹಿಂದಿನದರ ಅರ್ಧದಷ್ಟು ತೂಗುವ 16 ಬಟ್ಟುಗಳಿದ್ದರೆ, ಬೇಕಾದವನ್ನು ಆರಿಸಿಟ್ಟು ಯಾವ ತೂಕವನ್ನಾದರೂ ಒಂದೇ ಬಾರಿಗೆ ಪಡೆಯಬಹುದು. ಒಂದು ಬೆಲೆಯ ಮತ್ತು ಅದರ ಇಮ್ಮಡಿ ಬೆಲೆಯ, ಹೀಗೆ ಎರಡೇ ಬಗೆಯ ರೋಧಕಗಳನ್ನು ಏಣಿಯಂತೆ ಜೋಡಿಸಿದರೆ ಈ ಅರ್ಧರ್ಧ ವಿಭಜನೆ ತಾನಾಗಿ ಒದಗುತ್ತದೆ. ‘ಆರ್-2ಆರ್’ ಎಂಬ ಹೆಸರು ಬಂದಿರುವುದು ಇದರಿಂದಲೇ.

ತೊಡಕು ಇರುವುದು ದೊಡ್ಡ ಬಟ್ಟಿನಲ್ಲಿ. ಅದು 32,768 ಕಿರು ಮೆಟ್ಟಿಲುಗಳಿಗೆ ಸಮ. ಉಳಿದ ಹದಿನೈದೂ ಸೇರಿದರೆ 32,767. ದೊಡ್ಡದರಲ್ಲಿ ಸುಮಾರು ಶೇ. 0.003ರಷ್ಟು ದೋಷವಿದ್ದರೂ ಸಾಕು, ಒಂದು ಇಡೀ ಮೆಟ್ಟಿಲು ಏರುಪೇರಾಗುತ್ತದೆ. ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ರೋಧಕದ ನಿಖರತೆಯಾದರೋ ಶೇ. 1. ಸಾಲದ್ದಕ್ಕೆ ಈ ದೋಷ ತಲೆದೋರುವುದು ಅಬ್ಬರದ ಸದ್ದಿನಲ್ಲಲ್ಲ, ತರಂಗವು ಶೂನ್ಯವನ್ನು ದಾಟುವ ನಟ್ಟನಡುವೆ. ಅಲ್ಲಿ ಹದಿನಾರು ಬಿಟ್‌ಗಳೂ ಏಕಕಾಲಕ್ಕೆ ಮಗುಚಿಕೊಳ್ಳುತ್ತವೆ. ತಂಬೂರಿಯ ಮೀಟು ಮೌನದಲ್ಲಿ ಕರಗುವಂತಹ ಸೂಕ್ಷ್ಮ ಭಾಗವೆಲ್ಲ ಇರುವುದು ಈ ನಡುವಿನ ಆಸುಪಾಸಿನಲ್ಲಿಯೇ. ಬರ್-ಬ್ರೌನ್ ಕಂಪನಿಯ ಪಿಸಿಎಂ1704 ಚಿಪ್‌ನಲ್ಲಿ ರೋಧಕಗಳನ್ನು ಲೇಸರ್‌ನಿಂದ ಹದಗೊಳಿಸಿ, ತರಂಗದ ಧನ ಮತ್ತು ಋಣ ಭಾಗಗಳಿಗೆ ಬೇರೆ ಬೇರೆ ಪರಿವರ್ತಕಗಳನ್ನು ಇಟ್ಟು ಇದನ್ನು ಬಹುಮಟ್ಟಿಗೆ ನಿವಾರಿಸಲಾಗಿತ್ತು. ದುಬಾರಿಯಾದ ಆ ಚಿಪ್‌ನ ತಯಾರಿಕೆ ಈಗ ನಿಂತಿದೆ.

ಹದಿನಾಲ್ಕು ಬಿಟ್‌ನ ಜಾಣ್ಮೆ

ಎರಡನೆಯ ಪಂಥದ ಸುಳಿವು ಮೊದಲ ಸಿ.ಡಿ. ಪ್ಲೇಯರ್‌ಗಳಲ್ಲಿಯೇ ಸಿಗುತ್ತದೆ. 1982ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೋನಿ ಸಿಡಿಪಿ-101ರಲ್ಲಿ 16 ಬಿಟ್‌ನ ಒಂದೇ ಪರಿವರ್ತಕವಿದ್ದು, ಅದನ್ನು ಎಡ-ಬಲ ಚಾನೆಲ್‌ಗಳು ಸರದಿಯಂತೆ ಬಳಸುತ್ತಿದ್ದವು. ಫಿಲಿಪ್ಸ್ ಬಳಿ ಇದ್ದುದು 14 ಬಿಟ್‌ನ ಟಿಡಿಎ1540 ಮಾತ್ರ. ಆದರೆ ಅದನ್ನು ನಾಲ್ಕು ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ 1,76,400 ಬಾರಿ ಓಡಿಸಿ, ಲೆಕ್ಕದಲ್ಲಿ ಉಳಿಯುವ ದೋಷವನ್ನು ಕಿವಿಗೆ ಕೇಳಿಸದ ಕಂಪನಾಂಕಗಳತ್ತ ದೂಡಲಾಯಿತು. ಫಲಿತಾಂಶ ಹೆಚ್ಚುಕಡಿಮೆ 16 ಬಿಟ್‌ಗೆ ಸರಿಸಾಟಿಯಾಯಿತು. ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಬಿಟ್‌ಗಳ ಸಂಖ್ಯೆಯನ್ನು ನಂಬಿ ಕೊಳ್ಳುವವರು ಈ ಪ್ರಸಂಗವನ್ನು ಗಮನಿಸಬೇಕು.

ಇದೇ ಯುಕ್ತಿಯನ್ನು ತುದಿಗೊಯ್ದರೆ ಡೆಲ್ಟಾ-ಸಿಗ್ಮಾ. 1962ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಇನೋಸೆ, ಯಸುದಾ ಮತ್ತು ಮುರಾಕಾಮಿ ಈ ತತ್ವವನ್ನು ಮಂಡಿಸಿದರು. ಇಲ್ಲಿ ಬಟ್ಟುಗಳ ಸಾಲಿಲ್ಲ; ಒಂದೇ ಪುಟ್ಟ ಅಳತೆಯಿಂದ ಸೆಕೆಂಡಿಗೆ ಲಕ್ಷಾಂತರ ಬಾರಿ ಅಳೆಯುವುದು, ಈ ಸಲ ಹೆಚ್ಚಾದರೆ ಮುಂದಿನ ಸಲ ಕಡಿಮೆ ಹಾಕಿ ಸರಾಸರಿಯನ್ನು ಸರಿದೂಗಿಸುವುದು. ಏಣಿಯಲ್ಲಿ ಬೇಕಾದ ನಿಖರತೆ ವಸ್ತುವಿನದು. ಇಲ್ಲಿ ಬೇಕಾದದ್ದು ಕಾಲದ್ದು. ಗಡಿಯಾರದ ಮಿಡಿತ ಅಲುಗಿದರೆ ಒಂದು ಬಿಟ್‌ನ ಪರಿವರ್ತಕ ಕೂಡಲೇ ತಪ್ಪುತ್ತದೆ. ಆದ್ದರಿಂದ ಇಂದಿನ ಬಹುತೇಕ ಚಿಪ್‌ಗಳಲ್ಲಿ ಒಂದರ ಬದಲು ಕೆಲವು ಬಿಟ್‌ಗಳನ್ನು ಬಳಸಿ, ಒಳಗಿನ ಘಟಕಗಳನ್ನು ಸರದಿಯಲ್ಲಿ ಅದಲುಬದಲು ಮಾಡಲಾಗುತ್ತದೆ. ಲೇಸರ್ ಹದ ಬೇಕಿಲ್ಲವಾದ್ದರಿಂದ ಖರ್ಚು ಕಡಿಮೆ. ಉತ್ತಮ ಚಿಪ್‌ಗಳು 120 ಡೆಸಿಬಲ್ ಮೀರಿದ ವ್ಯಾಪ್ತಿಯನ್ನು ಸಾಧಿಸುತ್ತವೆ. 16 ಬಿಟ್‌ನ ಸಿ.ಡಿ.ಗೆ ಸಿದ್ಧಾಂತದಂತೆಯೇ ಸುಮಾರು 98 ಸಾಕು.

ಮೃದುತ್ವದ ಮೂಲ

ಹಾಗಿದ್ದೂ ಏಣಿಯ ನಾದ ಮೃದು ಎಂದು ಅನುಭವಿ ಕೇಳುಗರು ಹೇಳುವುದು ಬರೀ ಭ್ರಮೆಯೇನಲ್ಲ. 1990ರ ದಶಕದಲ್ಲಿ ಜಪಾನಿನ ರ್‍ಯೋಹೇ ಕುಸುನೋಕಿ, ಮಾದರಿಗಳ ವೇಗವನ್ನು ಹೆಚ್ಚಿಸುವ ಡಿಜಿಟಲ್ ಫಿಲ್ಟರ್ ಅನ್ನೇ ಕೈಬಿಡಬೇಕೆಂದು ವಾದಿಸಿದರು. ಇಂದು ಹಲವು ಏಣಿ ಡ್ಯಾಕ್‌ಗಳು ಈ ಬಗೆಯಲ್ಲಿ ಕೆಲಸ ಮಾಡುತ್ತವೆ. ಫಿಲ್ಟರ್ ಇಲ್ಲದ ಸಿ.ಡಿ. ಧ್ವನಿಯಲ್ಲಿ 20 ಕಿಲೋಹರ್ಟ್ಝ್ ಹೊತ್ತಿಗೆ ಮಟ್ಟವು ಸುಮಾರು 3 ಡೆಸಿಬಲ್ ಕುಸಿಯುತ್ತದೆ. 22 ಕಿಲೋಹರ್ಟ್ಝ್‌ನಿಂದಾಚೆಗೆ ಮೂಲದಲ್ಲಿಲ್ಲದ ಪ್ರತಿಬಿಂಬಗಳು ಉಳಿದುಕೊಳ್ಳುತ್ತವೆ. ಕಿವಿಗೆ ಮೆತ್ತಗೆ ತೋರುವುದರಲ್ಲಿ ಈ ಕುಸಿತದ ಪಾಲು ಬಹಳ. ಅದು ಫಿಲ್ಟರ್‌ನ ಗುಣ, ರೋಧಕದ್ದಲ್ಲ. ಕೀರ್ತಿ ಮಾತ್ರ ಏಣಿಗೆ ಸಲ್ಲುತ್ತಿದೆ.

2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕಾದಲ್ಲಿದ್ದ ಅಸಾಹಿ ಕಸೈ ಚಿಪ್ ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ ಡ್ಯಾಕ್ ಚಿಪ್‌ಗಳಿಗೆ ಅಭಾವ ಉಂಟಾಯಿತು. ಕೆಲವು ತಯಾರಕರು ಬೇರೆ ಕಂಪನಿಗಳ ಚಿಪ್‌ಗೆ, ಇನ್ನು ಕೆಲವರು ಬಿಡಿ ರೋಧಕಗಳ ಏಣಿಗೆ ಹೊರಳಿದರು. ಹೀಗೆ ಹಳೆಯ ವಿನ್ಯಾಸವು ಸಾಧಾರಣ ಬೆಲೆಯ ಉಪಕರಣಗಳಲ್ಲಿಯೂ ಕಾಣಿಸಿಕೊಳ್ಳತೊಡಗಿತು.

ಹೋಲಿಸುವ ಬಗೆ

ಎರಡು ಡ್ಯಾಕ್‌ಗಳನ್ನು ಅಂಗಡಿಯಲ್ಲಿ ಒಂದರ ಹಿಂದೊಂದು ಕೇಳಿ ತೀರ್ಮಾನಿಸುವುದು ಅಪಾಯಕರ. ಸಾಮಾನ್ಯವಾಗಿ ಹೊರಬರುವ ಮಟ್ಟ 2 ವೋಲ್ಟ್. ಕೆಲವು ಉಪಕರಣಗಳು ಅದಕ್ಕಿಂತ ಹೆಚ್ಚು ಕೊಡುತ್ತವೆ. ತುಸು ಜೋರಾದದ್ದು ಕಿವಿಗೆ ಹೆಚ್ಚು ಸ್ಫುಟವೆಂದೇ ತೋರುತ್ತದೆ. 1 ಕಿಲೋಹರ್ಟ್ಝ್ ನಾದವನ್ನು ನುಡಿಸಿ, ಮೀಟರ್‌ನಲ್ಲಿ ಎರಡರ ವೋಲ್ಟೇಜ್ ಶೇ. 1ರೊಳಗೆ ಹೊಂದುವಂತೆ ಮಾಡಿಕೊಂಡು, ಯಾವುದು ಯಾವುದೆಂದು ಕೇಳುವವರಿಗೆ ತಿಳಿಸದೆ ಇನ್ನೊಬ್ಬರಿಂದ ಬದಲಿಸಿಸಬೇಕು. ಏಣಿ ಡ್ಯಾಕ್‌ನಲ್ಲಿ ಡಿಜಿಟಲ್ ಫಿಲ್ಟರ್ ಅನ್ನು ತೆಗೆದು ಹಾಕುವ ಸ್ವಿಚ್ ಇದ್ದರೆ ಅದನ್ನೂ ಹೀಗೆಯೇ ಪರೀಕ್ಷಿಸಬೇಕು. ಮೆಚ್ಚಿಕೆಯಾದದ್ದು ರೋಧಕಗಳೋ ಫಿಲ್ಟರ್‌ನ ಗೈರುಹಾಜರಿಯೋ ಎಂಬುದು, ಹಣ ಕೊಡುವ ಮೊದಲೇ, ಆ ಸ್ವಿಚ್‌ನಿಂದ ತಿಳಿದುಬರುತ್ತದೆ.