ಒಂದು ಹಕ್ಕಿಯ ಪೆಟ್ಟು

ಗಡಸುತನವೇ ಬೇರೆ, ಪೆಟ್ಟು ತಾಳುವ ಗುಣವೇ ಬೇರೆ ಎಂದು ತರಗತಿಯಲ್ಲಿ ನಾನು ಪದೇ ಪದೇ ಹೇಳುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಗಾಜು ಗಡಸು, ಕೈಜಾರಿದರೆ ಚೂರು. ಈ ವ್ಯತ್ಯಾಸಕ್ಕೆ ದೊಡ್ಡ ಬೆಲೆ ತೆತ್ತ ಪ್ರಸಿದ್ಧ ಸಂಸ್ಥೆಯೊಂದರ ಇತಿಹಾಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

1960ರ ದಶಕದಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋ ಸಂಶೋಧನಾಲಯದ ವಿಜ್ಞಾನಿಗಳು ಬಲಿಷ್ಠ ಕಾರ್ಬನ್ ನಾರನ್ನು ತಯಾರಿಸುವ ವಿಧಾನವನ್ನು ಕಂಡುಹಿಡಿದರು. 1968ರಲ್ಲಿ ಲಾಕ್‌ಹೀಡ್ ಕಂಪನಿಯ ಟ್ರೈಸ್ಟಾರ್ ವಿಮಾನಕ್ಕೆ ಆರ್‌ಬಿ211 ಎಂಜಿನ್ ಒದಗಿಸಲು ಒಪ್ಪಿಕೊಂಡ ರೋಲ್ಸ್-ರಾಯ್ಸ್, ಅದರ ಮುಂಭಾಗದ ಬೃಹತ್ ಫ್ಯಾನಿನ ರೆಕ್ಕೆಗಳನ್ನು ಇಂತಹ ನಾರು ಮತ್ತು ರಾಳದಿಂದ ಮಾಡಲು ನಿರ್ಧರಿಸಿತು. ಆ ವಸ್ತುವಿಗೆ ‘ಹೈಫಿಲ್’ ಎಂದು ಹೆಸರು. ಲೋಹಕ್ಕಿಂತ ಬಹಳ ಹಗುರವೆಂಬುದೇ ಅದರ ಆಕರ್ಷಣೆ.

ಆದರೆ ಹಾರುವ ವಿಮಾನಕ್ಕೆ ಹಕ್ಕಿ ಬಡಿಯುವುದುಂಟು. 1970ರ ಮೇ ತಿಂಗಳಿನ ಪರೀಕ್ಷೆಯಲ್ಲಿ ಕೋಳಿಯೊಂದರ ಕಳೇಬರವನ್ನು ಅತಿವೇಗದಲ್ಲಿ ಫ್ಯಾನಿನೊಳಗೆ ಹಾರಿಸಿದಾಗ ರೆಕ್ಕೆಗಳು ಛಿದ್ರವಾದವು. ಬಿದಿರನ್ನು ಅಡ್ಡಲಾಗಿ ಮುರಿಯುವುದು ಕಷ್ಟ, ಉದ್ದಕ್ಕೆ ಸೀಳುವುದು ಸುಲಭ ಎಂಬುದನ್ನು ಬುಟ್ಟಿ ಹೆಣೆಯುವವರು ಬಲ್ಲರು. ನಾರಿನ ಪದರಗಳನ್ನು ಅಂಟಿಸಿ ಮಾಡಿದ ವಸ್ತುವಿನ ಸ್ವಭಾವವೂ ಅಂತಹುದೇ. ನಾರು ಎಳೆತವನ್ನು ತಾಳುತ್ತದೆ; ಪೆಟ್ಟು ಬಿದ್ದಾಗ ಬಿರುಕು ಪದರಗಳ ನಡುವಿನ ರಾಳದಲ್ಲಿ ಓಡುತ್ತದೆ.

ರೋಲ್ಸ್-ರಾಯ್ಸ್ ಟೈಟಾನಿಯಂ ರೆಕ್ಕೆಗಳಿಗೆ ಮರಳಿತು. ರೆಕ್ಕೆಯೊಂದೇ ಕಾರಣವಲ್ಲದಿದ್ದರೂ ಎಂಜಿನ್ನಿನ ವೆಚ್ಚವು ಅಂದಾಜನ್ನು ಮೀರಿ, 1971ರ ಫೆಬ್ರವರಿ 4ರಂದು ಕಂಪನಿ ದಿವಾಳಿಯಾಯಿತು. ಬ್ರಿಟಿಷ್ ಸರ್ಕಾರ ಅದನ್ನು ರಾಷ್ಟ್ರೀಕರಿಸಬೇಕಾಯಿತು. ಟ್ರೈಸ್ಟಾರ್ 1972ರಲ್ಲಿ ಸೇವೆಗೆ ಬಂದಿತು.

ಮುಂದಿನ ಎರಡು ದಶಕಗಳಲ್ಲಿ ಸಂಶೋಧಕರ ಗಮನ ನಾರಿನಷ್ಟೇ ರಾಳದ ಮೇಲೂ ಹರಿಯಿತು. ರಬ್ಬರ್ ಅಥವಾ ಪ್ಲಾಸ್ಟಿಕ್ಕಿನ ಅತಿಸೂಕ್ಷ್ಮ ಕಣಗಳನ್ನು ಎಪಾಕ್ಸಿ ರಾಳದಲ್ಲಿ ಬೆರೆಸಿದರೆ, ಅವು ಬಿರುಕಿನ ಶಕ್ತಿಯನ್ನು ಹೀರಿ ಅದರ ಓಟವನ್ನು ತಡೆಯುತ್ತವೆ. ಪದರಗಳನ್ನು ಅಡ್ಡಲಾಗಿ ದಾರದಿಂದ ಹೊಲಿಯುವ, ನಾರನ್ನು ಮೂರು ದಿಕ್ಕುಗಳಲ್ಲಿ ನೇಯುವ ವಿಧಾನಗಳೂ ಬಂದವು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯು ಪೆಟ್ಟು ತಾಳುವಂತೆ ಸುಧಾರಿಸಿದ ಎಪಾಕ್ಸಿಯಿಂದ ರೆಕ್ಕೆ ಮಾಡಿ, ಅದರ ಮುಂಚೂಣಿ ಅಂಚಿಗೆ ಟೈಟಾನಿಯಂ ಪಟ್ಟಿ ತೊಡಿಸಿತು. ಈ ಜಿಇ90 ಎಂಜಿನ್ 1995ರಲ್ಲಿ ಬೋಯಿಂಗ್ 777 ವಿಮಾನದೊಂದಿಗೆ ಸೇವೆಗೆ ಬಂದಿತು.

ಆ ಎಂಜಿನ್ನಿನ ವಿಮಾನವನ್ನು ಎಂದಾದರೂ ಹತ್ತಿರದಿಂದ ಕಂಡರೆ, ಕಪ್ಪು ರೆಕ್ಕೆಗಳ ಅಂಚಿನಲ್ಲಿ ಹೊಳೆಯುವ ಲೋಹದ ಪಟ್ಟಿಯನ್ನು ನಿಮ್ಮ ಮಕ್ಕಳಿಗೆ ತೋರಿಸಿ, 1970ರ ಆ ಪರೀಕ್ಷೆಯ ವಿಷಯವನ್ನೂ ಹೇಳಿ.