ಎದೆಬಡಿತ ನಿಲ್ಲುವವರೆಗೆ ಕಾಯಬೇಕೇ?

ಬೆಳಗಾವಿ ಮೂಲದ ದಂತವೈದ್ಯೆ ಸವಿತಾ ಹಾಲಪ್ಪನವರ ಬೆನ್ನುನೋವೆಂದು ಐರ್ಲೆಂಡಿನ ಗಾಲ್ವೇ ವಿಶ್ವವಿದ್ಯಾಲಯ ಆಸ್ಪತ್ರೆಗೆ ಹೋದದ್ದು 2012ರ ಅಕ್ಟೋಬರ್ 21ರಂದು. ಆಗ ಅವರಿಗೆ 31 ವರ್ಷ, 17 ವಾರದ ಬಸುರಿ. ಗರ್ಭ ಉಳಿಯದೆಂದು ವೈದ್ಯರೇ ಹೇಳಿದರು. ಹಾಗಾದರೆ ಗರ್ಭಪಾತ ಮಾಡಿಬಿಡಿ ಎಂದು ದಂಪತಿ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಇದೆ, ಕಾನೂನು ಒಪ್ಪುವುದಿಲ್ಲ ಎಂಬ ಉತ್ತರ ಬಂತು. ಗರ್ಭ ತಾನಾಗಿಯೇ ಇಳಿಯುವಷ್ಟರಲ್ಲಿ ರಕ್ತಕ್ಕೆ ನಂಜೇರಿತ್ತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು.

ಆ ಕಾನೂನಿನ ಬೇರು ಬ್ರಿಟಿಷ್ ಆಳ್ವಿಕೆಯಲ್ಲಿದೆ. 1861ರ ಬ್ರಿಟಿಷ್ ಕಾಯ್ದೆಯಂತೆ ಗರ್ಭಪಾತಕ್ಕೆ ಜೀವಾವಧಿ ಶಿಕ್ಷೆಯಾಗಬಹುದಿತ್ತು. ಸ್ವತಂತ್ರ ಐರ್ಲೆಂಡ್ ಅದನ್ನೇ ಉಳಿಸಿಕೊಂಡಿತು. 1983ರಲ್ಲಿ ಅಲ್ಲಿನ ಜನ ಮತ ಹಾಕಿ, ತಾಯಿಗೂ ಗರ್ಭಸ್ಥ ಶಿಶುವಿಗೂ ಬದುಕುವ ಹಕ್ಕು ಸಮಾನವೆಂದು ಸಂವಿಧಾನದಲ್ಲಿ ಸೇರಿಸಿದರು. ತಾಯಿಯ ಜೀವಕ್ಕೇ ಅಪಾಯವಿದ್ದರೆ ಗರ್ಭಪಾತ ಮಾಡಬಹುದೆಂದು 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅಪಾಯವನ್ನು ವೈದ್ಯರು ಅಳೆಯುವುದು ಹೇಗೆ ಎಂಬ ಬಗ್ಗೆ ಇಪ್ಪತ್ತು ವರ್ಷ ಯಾವ ಶಾಸನವೂ ಬರಲಿಲ್ಲ. ಎದೆಬಡಿತ ನಿಲ್ಲಲೆಂದು ಕಾಯುವುದಕ್ಕೇ ಹೆಚ್ಚು ಒತ್ತು ಕೊಟ್ಟು, ರೋಗಿಯ ಮೇಲೆ ನಿಗಾ ಇಡುವುದರಲ್ಲಿ ಲೋಪವಾಯಿತೆಂದು ಸವಿತಾ ಸಾವಿನ ತನಿಖಾ ವರದಿ 2013ರಲ್ಲಿ ತಿಳಿಸಿತು.

ನಮ್ಮಲ್ಲೂ 1860ರ ದಂಡಸಂಹಿತೆ ತಾಯಿಯ ಜೀವ ಉಳಿಸುವ ಸಂದರ್ಭದ ಹೊರತು ಗರ್ಭಪಾತವನ್ನು ಅಪರಾಧವೆಂದಿತ್ತು. ಕದ್ದುಮುಚ್ಚಿ ಗರ್ಭ ತೆಗೆಸಿಕೊಂಡು ಹೆಂಗಸರು ಸಾಯುತ್ತಿದ್ದುದನ್ನು ಕಂಡ ಸರ್ಕಾರ 1964ರಲ್ಲಿ ಶಾಂತಿಲಾಲ್ ಷಾ ಸಮಿತಿ ನೇಮಿಸಿತು. 1971ರಲ್ಲಿ ಹೊಸ ಕಾಯ್ದೆ ಬಂತು. ಜೀವ ಉಳಿಸಲು ತಕ್ಷಣ ಅಗತ್ಯವಾದರೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು, ವಾರಗಳ ಮಿತಿಯಿಲ್ಲ ಎನ್ನುತ್ತದೆ ಅದರ 5ನೇ ಕಲಂ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಪೊಲೀಸ್ ಕಾಗದಪತ್ರ ಆಮೇಲೆ. ಸರ್ಕಾರಿ ವೈದ್ಯರಿಗೂ ಖಾಸಗಿ ವೈದ್ಯರಿಗೂ ಇದೇ ನಿಯಮ ಎಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1989ರಲ್ಲಿ ಸಾರಿತು.

ಸವಿತಾ ಸಾವು ಐರ್ಲೆಂಡನ್ನು ಬೀದಿಗಿಳಿಸಿತು. 2018ರ ಮೇ 25ರ ಜನಮತಗಣನೆಯಲ್ಲಿ ಶೇ. 66.4ರಷ್ಟು ಮತದಾರರು 1983ರ ತಿದ್ದುಪಡಿಯನ್ನು ಕಿತ್ತುಹಾಕಲು ಒಪ್ಪಿದರು. ತಾಯಿಯ ಜೀವಕ್ಕೆ ಮಾತ್ರವಲ್ಲ, ಆರೋಗ್ಯಕ್ಕೆ ಗಂಭೀರ ಹಾನಿಯಾಗುವಂತಿದ್ದರೂ ಗರ್ಭಪಾತಕ್ಕೆ ಹೊಸ ಕಾನೂನು ಅವಕಾಶ ಕೊಟ್ಟಿತು.

ರೋಗಿ ಸಾವಿನ ಅಂಚಿಗೆ ಬಂದ ಮೇಲಷ್ಟೇ ಕೈಹಾಕಿ ಎನ್ನುವ ಕಾನೂನಿನಡಿ ವೈದ್ಯರು ಅಂಚನ್ನು ಹುಡುಕುತ್ತಾ ನಿಲ್ಲುತ್ತಾರೆ. ನಂಜು ಮಾತ್ರ ಕಾಯುವುದಿಲ್ಲ.