ಬರಹದಲ್ಲಿ ಉಳಿದು ಬಾಯಿಯಿಂದ ಮರೆಯಾದ ಭಾಷೆ

ಮದ್ರಸಾದ ಮಕ್ಕಳು ಸೀನ್ ಮತ್ತು ಸ್ವಾದ್ ಅಕ್ಷರಗಳ ಆಕಾರವನ್ನು ಒಂದೇ ದಿನದಲ್ಲಿ ಕಲಿತುಬಿಡುತ್ತಾರೆ. ಆದರೆ ಸ್ವಾದ್ ಅನ್ನು ತುಂಬು ಬಾಯಿಯಿಂದ ಉಚ್ಚರಿಸಲು ಉಸ್ತಾದರ ಎದುರು ತಿಂಗಳುಗಟ್ಟಲೆ ಕುಳಿತುಕೊಳ್ಳಬೇಕಾಗುತ್ತದೆ. ಆಕಾರ ಕಾಗದದಲ್ಲಿದೆ, ಸ್ವರ ಮನುಷ್ಯನಲ್ಲಿದೆ. ಈ ಮಾತು ಎಷ್ಟು ನಿಜವೆಂಬುದನ್ನು ತಿಳಿಯಲು ಕೈರೋದ ಸೂಫಿಯೊಬ್ಬರು ರಚಿಸಿದ ಒಂದು ಭಾಷೆಯ ಕಥೆಯನ್ನು ಗಮನಿಸಬೇಕು.

ಆ ಸೂಫಿಯ ಹೆಸರು ಮುಹ್ಯಿ ಗುಲ್ಶನಿ. ಹುಟ್ಟಿದ್ದು ತುರ್ಕಿಯ ಎದಿರ್ನೆ ನಗರದಲ್ಲಿ, 16ನೇ ಶತಮಾನದ ಪೂರ್ವಾರ್ಧದಲ್ಲಿ. ಬಾಳಿದ್ದು ಕೈರೋದಲ್ಲಿ, ಇಬ್ರಾಹಿಂ ಗುಲ್ಶನಿಯವರ ಶಿಷ್ಯ ಪರಂಪರೆಯ ನಡುವೆ. ಇಬ್ರಾಹಿಂ ಗುಲ್ಶನಿಯವರ ಸಮಾಧಿ ಇಂದಿಗೂ ಬಾಬ್ ಝುವೈಲಾ ಎಂಬ ಹಳೆಯ ಕೋಟೆ ಬಾಗಿಲಿನ ಬಳಿ ಇದೆ. ಇಬ್ರಾಹಿಂ ಗುಲ್ಶನಿಯವರ ಜೀವನಚರಿತ್ರೆಯನ್ನು ಬರೆದ ಮುಹ್ಯಿಯವರೇ ಒಂದು ಹೊಸ ಭಾಷೆಯನ್ನೂ, ಅದಕ್ಕೆ ವ್ಯಾಕರಣ ಮತ್ತು ನಿಘಂಟನ್ನೂ ರಚಿಸಿದರು. ಅದರ ಹೆಸರನ್ನು ‘ಜೀವ ನೀಡುವವನ ಭಾಷೆ’ ಎಂದು ಅರ್ಥೈಸುತ್ತಾರೆ. ಮುಹ್ಯಿ ಎಂಬ ಅರಬೀ ಪದದ ಅರ್ಥವೂ ಅದೇ. ಜರ್ಮನಿಯ ಕ್ರೈಸ್ತ ಸಂನ್ಯಾಸಿನಿ ಹಿಲ್ಡೆಗಾರ್ಡ್ 12ನೇ ಶತಮಾನದಲ್ಲೇ ಸುಮಾರು 1000 ಹೊಸ ಪದಗಳನ್ನು ಸೃಷ್ಟಿಸಿದ್ದುಂಟು. ಆದರೆ ಅದು ಪದಪಟ್ಟಿ. ಮುಹ್ಯಿಯವರದು ವಾಕ್ಯ ಕಟ್ಟಬಲ್ಲ ಭಾಷೆ.

ಅದರ ಲಿಪಿ ಉಸ್ಮಾನಿ ತುರ್ಕರು ಬಳಸುತ್ತಿದ್ದ ಅರಬೀ ಲಿಪಿ. ತೊಡಕು ಇಲ್ಲಿಂದಲೇ ಆರಂಭ. ಆ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ವ್ಯಂಜನಗಳಾದರೂ ನಿಶ್ಚಿತವೇ? ಅರಬರ ಬಾಯಲ್ಲಿ ಸಾ, ಸೀನ್, ಸ್ವಾದ್ ಮೂರು ಬೇರೆ ಬೇರೆ ಧ್ವನಿಗಳು. ತುರ್ಕರು ಮೂರನ್ನೂ ಒಂದೇ ‘ಸ’ಕಾರವಾಗಿ ಓದುತ್ತಾರೆ. ಝಾಲ್, ಝಾಯ್, ಳ್ವಾದ್, ಳ್ವಾ ಈ ನಾಲ್ಕೂ ಅವರಿಗೆ ಬಹುಮಟ್ಟಿಗೆ ಒಂದೇ. ವಾವ್ ಅಕ್ಷರವನ್ನು ಅರಬರು ತುಟಿ ದುಂಡಾಗಿಸಿ ನುಡಿದರೆ, ತುರ್ಕರು ಕೆಳತುಟಿಗೆ ಹಲ್ಲು ತಾಗಿಸಿ ನುಡಿಯುತ್ತಾರೆ. ಮುಹ್ಯಿಯವರ ಹುಟ್ಟೂರಿನ ನುಡಿ ತುರ್ಕಿ, ನೆಲೆಸಿದ ನಗರದ ನುಡಿ ಅರಬೀ, ಅವರ ತರೀಕತ್‌ನ ಕಾವ್ಯಗಳಲ್ಲಿ ಬಹಳಷ್ಟು ಪಾರ್ಸಿ. ಹಾಗಾದರೆ ಅವರ ಭಾಷೆಯನ್ನು ಯಾವ ಬಾಯಿಂದ ಓದಬೇಕು?

ಉತ್ತರಿಸಬಲ್ಲ ಶಿಷ್ಯರು ಉಳಿಯಲಿಲ್ಲ. 1813ರಲ್ಲಿ ಫ್ರಾನ್ಸಿನ ಅರಬೀ ವಿದ್ವಾಂಸ ಸಿಲ್ವೆಸ್ತ್ರ್ ದ ಸಾಸಿ ಪ್ಯಾರಿಸ್‌ನ ಹಸ್ತಪ್ರತಿಯ ಕುರಿತು ದೀರ್ಘ ಲೇಖನ ಪ್ರಕಟಿಸಿದಾಗ, ಅದನ್ನು ರಚಿಸಿದವರು ಯಾರೆಂಬುದೂ ಅವರಿಗೆ ತಿಳಿದಿರಲಿಲ್ಲ. ಮುಹ್ಯಿಯವರ ಹೆಸರು ಬೆಳಕಿಗೆ ಬಂದದ್ದು 20ನೇ ಶತಮಾನದಲ್ಲಿ. ಎಸ್ಪೆರಾಂತೊ ಭಾಷೆಯ ಅದೃಷ್ಟ ಬೇರೆ. 1887ರಲ್ಲಿ ಪ್ರಕಟವಾದ ಆ ಭಾಷೆಯಲ್ಲಿ ಒಂದು ಅಕ್ಷರಕ್ಕೆ ಒಂದೇ ಧ್ವನಿ. 1905ರಲ್ಲಿ ಹಲವು ದೇಶಗಳ ಜನರು ಫ್ರಾನ್ಸಿನಲ್ಲಿ ಸೇರಿ ಪರಸ್ಪರರ ಉಚ್ಚಾರವನ್ನು ಕಿವಿಯಾರೆ ಕೇಳಿದರು. ನಿಯಮಕ್ಕಿಂತಲೂ ಆ ಕೇಳುವಿಕೆಯೇ ಅದನ್ನು ಉಳಿಸಿತೆಂದು ನನ್ನ ಭಾವನೆ.

ಓದುಗರು ಗಮನಿಸಿರಬಹುದು, ನಾನು ಇದುವರೆಗೆ ಮುಹ್ಯಿಯವರ ಭಾಷೆಯ ಹೆಸರನ್ನು ಬರೆದಿಲ್ಲ. ಬಾ, ಅಲಿಫ್, ಲಾಮ್, ಯಾ, ಬಾ, ಲಾಮ್, ನೂನ್ ಎಂಬ ಏಳು ಅಕ್ಷರಗಳು ಮಾತ್ರ ಖಚಿತ. ಸಾಸಿಯವರನ್ನು ಅನುಸರಿಸುವವರು ‘ಬಾಲೈಬಲನ್’ ಎನ್ನುತ್ತಾರೆ, ಇಂದಿನ ತುರ್ಕಿ ವಿದ್ವಾಂಸರು ‘ಬಾಲೆಯ್‌ಬೆಲೆನ್’ ಎನ್ನುತ್ತಾರೆ. ಕನ್ನಡದ ಅಕ್ಷರ ಸ್ವರವನ್ನು ಜೊತೆಗಿಟ್ಟುಕೊಂಡೇ ಬರುವುದರಿಂದ, ಇಲ್ಲಿ ಅದನ್ನು ಬರೆಯಹೊರಟವನು ಯಾವುದಾದರೊಂದು ಸ್ವರವನ್ನು ಆರಿಸಲೇಬೇಕು.